ಲಿಫ್ಟ್ ಮಾಡಿದ ಜಿಪ್ಸಿಗೆ ಬ್ರೇಕ್ ಹೋಸ್: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಜಿಪ್ಸಿಗೆ ಎರಡು ಇಂಚು ಲಿಫ್ಟ್ ಹಾಕಿಸಿದ (ಗಾಡಿಯನ್ನು ಎತ್ತರಿಸಿದ) ಕೂಡಲೇ ‘ಎರಡು ಇಂಚು ಹೆಚ್ಚು ಉದ್ದದ ಹೋಸ್ ಬೇಕು’ ಎಂದು ಅಂಗಡಿಗೆ ಹೋಗುವವರೇ ಹೆಚ್ಚು. ಆದರೆ ಲಿಫ್ಟ್ ಎತ್ತರದಿಂದ ಹೋಸಿನ, ಅಂದರೆ ಚಕ್ರದ ಬ್ರೇಕಿಗೆ ಆಯಿಲ್ ಒಯ್ಯುವ ಬಾಗುವ ಕೊಳವೆಯ, ಉದ್ದ ಗೊತ್ತಾಗುವುದಿಲ್ಲ. ಚಕ್ರ ಗಾಳಿಯಲ್ಲಿ ನೇತಾಡುವಾಗ ಆಕ್ಸಲ್ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದೇ ಮುಖ್ಯ, ಸಾಮಾನ್ಯವಾಗಿ ಅದನ್ನು ತಡೆಯುವುದು ಶಾಕ್ ಅಬ್ಸಾರ್ಬರ್. ಉದ್ದ ಶ್ಯಾಕಲ್ (ಪ್ಲೇಟ್ ಸ್ಪ್ರಿಂಗನ್ನು ಚಾಸಿಸ್‌ಗೆ ಸೇರಿಸುವ ಕೊಂಡಿ) ಅಥವಾ ಹೆಚ್ಚು ಬಾಗಿದ ಸ್ಪ್ರಿಂಗ್ ಪ್ಲೇಟ್ ಹಾಕಿ ಹಳೆಯ ಶಾಕನ್ನೇ ಹಳೆಯ ಜಾಗದಲ್ಲೇ ಬಿಟ್ಟಿದ್ದರೆ ಆಕ್ಸಲ್ ಮೊದಲಿಗಿಂತ ಕೆಳಗೆ ಇಳಿಯುವುದಿಲ್ಲ, ಹೋಸ್ ಬದಲಿಸುವ ಅಗತ್ಯವೂ ಬಾರದಿರಬಹುದು. ಉದ್ದದ ಶಾಕ್ ಬಂದರೆ ಲೆಕ್ಕ ಬೇರೆ. ಚಾಸಿಸ್ ಬಿಟ್ಟು ಮೇಲಿನ ಬಾಡಿಯನ್ನಷ್ಟೇ ಎತ್ತರಿಸುವ ಬಾಡಿ ಲಿಫ್ಟ್ ಮಾತ್ರ ಮಾಡಿಸಿದ್ದರೆ ಚಾಸಿಸ್‌ನಿಂದ ಆಕ್ಸಲ್‌ಗೆ ಹೋಗುವ ಹೋಸ್‌ಗಳಿಗೆ ಏನೂ ಆಗುವುದಿಲ್ಲ. ಎಳೆತ ಬೀಳುವುದು ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನಿಂದ ಕೆಳಗಿಳಿಯುವ ಕಬ್ಬಿಣದ ಪೈಪಿನ ಮೇಲೆ.

ಹಾಗಾಗಿ ಮೊದಲು ಅಳತೆ. ಚಾಸಿಸ್ಸನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಆಕ್ಸಲ್ ಪೂರ್ತಿ ಜೋತುಬೀಳಲಿ. ಒಂದು ಬದಿಯನ್ನು ಜಾಕ್‌ನಿಂದ ಮೇಲೆತ್ತಿ, ಇನ್ನೊಂದು ಬದಿ ಇನ್ನೆಷ್ಟು ಇಳಿಯುತ್ತದೆ ನೋಡಿ. ಮುಂದಿನ ಚಕ್ರಗಳಲ್ಲಿ ಸ್ಟೇರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಹೋಸ್ ಹೋಗುವ ದಾರಿಯಲ್ಲೇ ದಪ್ಪ ವೈರ್ ಹಿಡಿದು, ಚಾಸಿಸ್ ಬ್ರಾಕೆಟ್‌ನಿಂದ ಕ್ಯಾಲಿಪರ್‌ನ ಬ್ಯಾಂಜೋ ಬೋಲ್ಟಿನ (ಹೋಸಿನ ತುದಿಯನ್ನು ಬ್ರೇಕಿಗೆ ಬಿಗಿಯುವ ತೂತುಳ್ಳ ಬೋಲ್ಟ್) ನಡುವಿನವರೆಗೆ ಅಳೆಯಿರಿ. ಸಿಕ್ಕ ಅಳತೆಗಳಲ್ಲಿ ದೊಡ್ಡದಕ್ಕೆ 30ರಿಂದ 40 ಮಿಲಿಮೀಟರ್ ಸೇರಿಸಿದರೆ ಸಾಕು. ‘ಇರಲಿ ಬಿಡಿ’ ಎಂದು ಇನ್ನೂ ಉದ್ದ ತರಬೇಡಿ. ಸಸ್ಪೆನ್ಷನ್ ಪೂರ್ತಿ ಒತ್ತಿಕೊಂಡು ಬಂಪ್ ಸ್ಟಾಪ್‌ಗೆ ಕುಳಿತಾಗ ಹೆಚ್ಚುವರಿ ಹೋಸ್ ಹೊರಗೆ ಉಬ್ಬಿ ಅಗಲದ ಟೈರಿಗೆ ಉಜ್ಜುತ್ತದೆ. ಬೇರೆಲ್ಲೂ ಕಾಣದ ಸವೆತ ಇಂಥ ಹೋಸಿನಲ್ಲಿ ಒಂದೇ ಮಗ್ಗುಲಲ್ಲಿ ಹೊಳಪಾಗಿ ಕಾಣುತ್ತದೆ.

ಈಗ ಆಯ್ಕೆಗಳು. ನಮ್ಮ ಮೊದಲ ಮತ ಕಂಪನಿಯ ರಬ್ಬರ್ ಹೋಸ್ ಜೊತೆಗೆ ಇಳಿಸಿದ ಬ್ರಾಕೆಟ್‌ಗೆ. ಆಕ್ಸಲ್ ಇಳಿತ ಸುಮಾರು 50 ಮಿಲಿಮೀಟರ್‌ವರೆಗೆ ಹೆಚ್ಚಿದ್ದರೆ, ಕಬ್ಬಿಣದ ಪೈಪ್ ಮತ್ತು ಹೋಸ್ ಸೇರುವ ಜಾಗವನ್ನು 3 ಮಿಲಿಮೀಟರ್ ಪಟ್ಟಿಯ ಬ್ರಾಕೆಟ್‌ನಿಂದ ಅಷ್ಟೇ ಕೆಳಗೆ ತಂದು, ಪೈಪನ್ನು ನಿಧಾನವಾಗಿ ದೊಡ್ಡ ಸುತ್ತಿನಲ್ಲಿ ಬಾಗಿಸಿದರೆ ಕೆಲಸ ಮುಗಿಯಿತು. ತೋಟದ ದಾರಿಯಲ್ಲಿ ಹೋಸ್ ಹರಿದರೂ ಪೇಟೆಯ ಯಾವ ಸ್ಪೇರ್ ಅಂಗಡಿಯಲ್ಲಾದರೂ ಅದೇ ಹೋಸ್ ಕೇಳಬಹುದು. ಸಕಲೇಶಪುರ, ಮಡಿಕೇರಿ ಕಡೆ ಓಡುವ ಗಾಡಿಗೆ ಇದು ಸಣ್ಣ ಅನುಕೂಲವೇನಲ್ಲ. ಕೊಳ್ಳುವಾಗ ಹೋಸ್ ಮೇಲೆ ಐಎಸ್ 7079 (ಬ್ರೇಕ್ ಹೋಸಿನ ಭಾರತೀಯ ಮಾನಕ) ಗುರುತು, ತಯಾರಾದ ತಿಂಗಳು, ವರ್ಷ ನೋಡಿ. ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದ ಸರಕನ್ನು ‘ಹೊಸದು’ ಎಂದು ಕೊಟ್ಟರೆ ವಾಪಸ್ ಕೊಡಿ.

ಎರಡನೆಯದು ಸ್ಟೀಲ್ ಜಾಲರಿ ಹೊದ್ದ ಪಿಟಿಎಫ್‌ಇ (ಟೆಫ್ಲಾನ್) ಕೊಳವೆಯ ಹೋಸ್. ಹೊರದೇಶಗಳಲ್ಲಿ ಜಿಪ್ಸಿಯ ಸೋದರ ಗಾಡಿ ಸುಜುಕಿ ಸಮುರಾಯ್‌ಗೆಂದು ಸಿಗುವ ಉದ್ದದ ಕಿಟ್‌ಗಳು ಬಹುಪಾಲು ಇಂಥವೇ. ಇಳಿತದ ಹೆಚ್ಚಳ 75 ಮಿಲಿಮೀಟರ್ ದಾಟಿದ ಗಾಡಿಗೆ ಇದೇ ಸರಿ. ಆದರೆ ಅಂಗಡಿಯವರು ಹೇಳುವ ‘ಹೋಸ್ ಹಿಗ್ಗುವುದಿಲ್ಲ, ಪೆಡಲ್ ಕಲ್ಲಿನಂತಾಗುತ್ತದೆ’ ಎಂಬ ಮಾತನ್ನು ಅರ್ಧ ನಂಬಿ. ಅಮೆರಿಕದ ವಾಹನ ಸುರಕ್ಷತಾ ನಿಯಮ ಎಫ್‌ಎಂವಿಎಸ್‌ಎಸ್ 106ರ ಪ್ರಕಾರ 3 ಮಿಲಿಮೀಟರ್ ಆಸುಪಾಸಿನ ಒಳವ್ಯಾಸದ ಸಾಮಾನ್ಯ ಹೋಸ್ 1000 ಪಿಎಸ್‌ಐ ಒತ್ತಡದಲ್ಲಿ ಅಡಿಗೆ 0.66 ಮಿಲಿಲೀಟರ್‌ವರೆಗೆ ಹಿಗ್ಗಬಹುದು. ಕಡಿಮೆ ಹಿಗ್ಗುವ ಬಗೆಗೆ 0.33 ಮಿತಿ. ವ್ಯತ್ಯಾಸ ಇದೆ, ನಿಜ. ಆದರೆ ಜಿಪ್ಸಿಯಲ್ಲಿ ಪೆಡಲ್ ಆಳಕ್ಕೆ ಹೋಗುವುದು ಹೆಚ್ಚಾಗಿ ಹಿಂದಿನ ಡ್ರಮ್ ಬ್ರೇಕ್ ಅಡ್ಜಸ್ಟ್ ಆಗದೆ ಇರುವುದರಿಂದ. ಮೊದಲು ಅದನ್ನು ಸರಿಮಾಡಿ.

ಜಾಲರಿ ಹೋಸಿನ ದೌರ್ಬಲ್ಯವೂ ಜಾಲರಿಯೇ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇಲ್ಲದಿದ್ದರೆ ಕೆಸರಿನ ಮರಳು ಎಳೆಗಳ ನಡುವೆ ನುಗ್ಗಿ ಒಳಗಿನ ಕೊಳವೆಯನ್ನು ತಿನ್ನುತ್ತದೆ; ಜಾಲರಿ ತಾಗಿದ ಪೈಪನ್ನೋ ಬ್ರಾಕೆಟನ್ನೋ ಗರಗಸದಂತೆ ಕೊಯ್ಯುತ್ತದೆ. ಒಮ್ಮೆ ಮಡಚಿ ಗೆರೆ ಬಿದ್ದ ಪಿಟಿಎಫ್‌ಇ ಮತ್ತೆ ಸರಿಯಾಗದು. ಇನ್ನೊಂದು ತೊಂದರೆ: ರಬ್ಬರ್ ಬಿರುಕು ಬಿಟ್ಟು, ಉಬ್ಬಿ ಮುಂಚೆಯೇ ಸೂಚನೆ ಕೊಡುತ್ತದೆ; ಜಾಲರಿ ಹೋಸ್ ಕ್ರಿಂಪ್ (ತುದಿಯ ಲೋಹವನ್ನು ಒತ್ತಿ ಕೂರಿಸಿದ ಜಾಗ) ಹತ್ತಿರ ಒಳಗೊಳಗೇ ದಣಿದು ಒಮ್ಮೆಲೇ ಹೋಗುತ್ತದೆ. ಹೊದಿಕೆ ಇರುವ, ಕ್ರಿಂಪ್ ಬುಡದಲ್ಲಿ ಬಾಗುವಿಕೆ ತಡೆಯುವ ತೋಳು ಇರುವ, ಡಾಟ್ (ಅಮೆರಿಕದ ಸಾರಿಗೆ ಇಲಾಖೆ) ಗುರುತಿನ ಹೋಸ್ ಮಾತ್ರ ತನ್ನಿ.

ಖಂಡಿತ ಬೇಡವೆನ್ನುವುದು ಎರಡು. ಜೆಸಿಬಿ, ಟ್ರ್ಯಾಕ್ಟರ್‌ಗಳಿಗೆ ಹೈಡ್ರಾಲಿಕ್ ಹೋಸ್ ಒತ್ತಿಕೊಡುವ ಅಂಗಡಿಯಲ್ಲಿ ಅಗ್ಗಕ್ಕೆ ಮಾಡಿಸಿಕೊಳ್ಳುವುದು. ಆ ಹೋಸ್ ಎಷ್ಟು ಒತ್ತಡವನ್ನಾದರೂ ತಾಳಲಿ, ಅದರ ಒಳರಬ್ಬರ್ ಸಾಮಾನ್ಯವಾಗಿ ಖನಿಜ ಎಣ್ಣೆಗೆ ಹೊಂದುವ ನೈಟ್ರೈಲ್. ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ತಾಗಿದರೆ ಅದು ಊದಿ, ಮೆತ್ತಗಾಗಿ, ಚೂರು ಚೂರಾಗಿ ಮಾಸ್ಟರ್ ಸಿಲಿಂಡರ್ ಸೇರುತ್ತದೆ. ಎರಡನೆಯದು, ಎರಡು ಹೋಸ್‌ಗಳ ನಡುವೆ ಯೂನಿಯನ್ (ಲೋಹದ ಜೋಡಣೆ) ಹಾಕಿ ಉದ್ದ ಮಾಡುವುದು. ನಡುವಿನ ಲೋಹದ ತೂಕ ಪ್ರತಿ ಕುಲುಕಿಗೂ ಬಡಿದಾಡಿ ಎರಡೂ ಕ್ರಿಂಪ್‌ಗಳನ್ನು ಸಡಿಲಿಸುತ್ತದೆ.

ಥ್ರೆಡ್ ವಿಷಯದಲ್ಲಿ ಕಣ್ಣಳತೆ ನಡೆಯದು. ಎಂ10x1.0 ಮತ್ತು ಎಂ10x1.25 (ವ್ಯಾಸ 10 ಮಿಲಿಮೀಟರ್, ಥ್ರೆಡ್‌ಗಳ ನಡುವಿನ ಅಂತರ 1.0 ಅಥವಾ 1.25 ಮಿಲಿಮೀಟರ್) ಎರಡೂ ಕೈಯಲ್ಲಿ ಒಂದು ಸುತ್ತು ಹಿಡಿಯುತ್ತವೆ, ಸ್ಪ್ಯಾನರ್ ಹಾಕಿದಾಗ ಥ್ರೆಡ್ ಕಿತ್ತುಬರುತ್ತದೆ. ಇಂಚಿಗೆ 24 ಥ್ರೆಡ್ ಇರುವ 3/8 ಇಂಚಿನ ನಟ್ ಇನ್ನೂ ಮೋಸದ್ದು, ಎಂ10x1.0 ತೂತಿನೊಳಗೆ ಸಲೀಸಾಗಿ ಹೋಗುತ್ತದೆ, ಆದರೆ ವ್ಯಾಸ ಅರ್ಧ ಮಿಲಿಮೀಟರ್ ಕಡಿಮೆ. ಥ್ರೆಡ್ ಗೇಜ್ ಹಿಡಿದೇ ಕೊಳ್ಳಿ, ಫ್ಲೇರ್ (ಪೈಪಿನ ಅರಳಿಸಿದ ತುದಿ) ಆಕಾರವನ್ನೂ ಹಳೆಯದರ ಪಕ್ಕ ಇಟ್ಟು ನೋಡಿ.

ಹಾಕುವಾಗ ಪೈಪ್ ನಟ್‌ಗೆ ಫ್ಲೇರ್ ಸ್ಪ್ಯಾನರ್ ಬಳಸಿ. ಸಾದಾ ಸ್ಪ್ಯಾನರ್ ಮೂಲೆ ತಿನ್ನುತ್ತದೆ. ಪ್ರತಿ ಬ್ಯಾಂಜೋಗೂ ಎರಡು ಹೊಸ ತಾಮ್ರದ ವಾಷರ್. ಸೋರಿದರೆ ಇನ್ನಷ್ಟು ಬಿಗಿಯದೆ ವಾಷರ್ ಬದಲಿಸಿ. ರಬ್ಬರ್ ಹೋಸ್ ಮೇಲಿನ ಗೆರೆ ಅಥವಾ ಬರಹ ನೇರವಾಗಿರಬೇಕು. ಸುತ್ತಿಕೊಂಡಿದ್ದರೆ ಹೋಸ್ ತಿರುಚಿದೆ ಎಂದರ್ಥ. ಪೈಪಿನೊಳಗಿನ ಏರ್ ತೆಗೆಯುವಾಗ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಿ. ಎಬಿಎಸ್ ಇರುವ ಜಿಮ್ನಿಯಂಥ ಗಾಡಿಯಲ್ಲಿ ಗಾಳಿ ಎಬಿಎಸ್ ಘಟಕಕ್ಕೆ ಹೊಕ್ಕರೆ ಸ್ಕ್ಯಾನರ್ ಬೇಕಾಗಬಹುದು. ಅಂಥ ಗಾಡಿಯಲ್ಲಿ ಹೋಸ್ ಜೊತೆಗೆ ಚಕ್ರದ ಸೆನ್ಸರ್ ವೈರಿಗೂ ಅಷ್ಟೇ ಸಡಿಲ ಬಿಡಬೇಕು, ಇದನ್ನು ಮರೆಯುವವರೇ ಹೆಚ್ಚು.

ಹಿಂದಿನ ಆಕ್ಸಲ್‌ಗೆ ಕಂಬಿಯಿಂದ ಜೋಡಿಸಿದ ಲೋಡ್ ಸೆನ್ಸಿಂಗ್ ವಾಲ್ವ್ ನಿಮ್ಮ ಗಾಡಿಯಲ್ಲಿದ್ದರೆ, ಲಿಫ್ಟ್ ಆದ ಮೇಲೆ ಗಾಡಿ ಖಾಲಿ ಇದೆ ಎಂದೇ ಅದು ಭಾವಿಸಿ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಬಿಡುತ್ತದೆ. ಲಿಫ್ಟ್ ಆದಷ್ಟೇ ಅದರ ಕಂಬಿಯನ್ನೂ ಹೊಂದಿಸಬೇಕು. ಕೊನೆಗೆ ಎಂಜಿನ್ ಚಾಲೂ ಇಟ್ಟು ಒಬ್ಬರು ಪೆಡಲನ್ನು ಒಂದು ನಿಮಿಷ ಜೋರಾಗಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಟಾರ್ಚ್ ಹಾಕಿ ಒಂದೊಂದೇ ಜಾಯಿಂಟ್ ನೋಡಲಿ.