ಯಹೂದಿ ಮಕ್ಕಳ ಪುಸ್ತಕ ಮೂರು ಓದಿಸಿ ನೋಡಿದೆ, ಯಾವುದು ಯಾರಿಗೆ?

ನಾವಿರೋದು ನ್ಯೂಜೆರ್ಸಿ, ಮಕ್ಕಳ ಕ್ಲಾಸಲ್ಲಿ ಯಹೂದಿ ಫ್ರೆಂಡ್ಸ್ ಜಾಸ್ತಿ, ಹನುಕ್ಕಾ (ಯಹೂದಿಗಳ ಎಂಟು ದಿನದ ದೀಪದ ಹಬ್ಬ) ಅಂದ್ರೇನು ಅಂತ ದಿನಾ ತಲೆ ತಿಂತಿದ್ರು, ಅದಕ್ಕೇ ಲೈಬ್ರರಿಯಿಂದ ಇವನ್ನ ತಂದೆ.

ಆರು ವರ್ಷದ ಮಗನಿಗೆ 'ಹರ್ಷೆಲ್ ಅಂಡ್ ದ ಹನುಕ್ಕಾ ಗಾಬ್ಲಿನ್ಸ್' (1989). ಹರ್ಷೆಲ್ ಅಂದ್ರೆ ನಮ್ಮ ತೆನಾಲಿ ರಾಮನ ಥರದವನೇ, ಪಾಳುಬಿದ್ದ ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾ ಮಂದಿರ) ಎಂಟು ರಾತ್ರಿ ದೀಪ ಹಚ್ಬೇಕು, ಕಿರುಕುಳ ಕೊಡೋ ಭೂತಗಳಾದ ಗಾಬ್ಲಿನ್‌ಗಳು ಬಿಡಲ್ಲ. ಬೇಯಿಸಿದ ಮೊಟ್ಟೆ ಹಿಡ್ಕೊಂಡು ಇದು ಕಲ್ಲು ಅಂತ ಹೇಳಿ ಪುಡಿಪುಡಿ ಮಾಡ್ತಾನೆ, ಇನ್ನೊಂದು ಗಾಬ್ಲಿನ್ ಉಪ್ಪಿನಕಾಯಿ ಜಾಡಿಗೆ ಕೈ ಹಾಕಿ ಮುಷ್ಟಿ ಬಿಚ್ಚದೇ ಸಿಕ್ಕಾಕ್ಕೊಳ್ಳತ್ತೆ, ಮಗ ಬಿದ್ದೂ ಬಿದ್ದೂ ನಕ್ಕ. ಟ್ರೀನಾ ಶಾರ್ಟ್ ಹೈಮನ್ ಬರೆದ ಚಿತ್ರ ಮಾತ್ರ ಸ್ವಲ್ಪ ಭಯ ಹುಟ್ಟಿಸುತ್ತೆ, ಮಲಗೋ ಹೊತ್ತಿಗೆ ಬೇಡ. ಆದ್ರೆ ಹಬ್ಬ ಯಾಕೆ ಮಾಡ್ತಾರೆ ಅನ್ನೋದು ಇದ್ರಲ್ಲಿ ಅಷ್ಟಾಗಿ ಸಿಗಲ್ಲ.

ಯಹೂದಿ ಮನೆಗಳ ಹಬ್ಬದ ಆಚರಣೆ ಸಿಗೋದು ಸಿಡ್ನಿ ಟೇಲರ್‌ಳ 'ಆಲ್ ಆಫ್ ಎ ಕೈಂಡ್ ಫ್ಯಾಮಿಲಿ'ಯಲ್ಲಿ. 1951ರ ಪುಸ್ತಕ, ಕಥೆ ಅದಕ್ಕೂ ಹಿಂದಿನ ನ್ಯೂಯಾರ್ಕ್‌ದು, ಲೋಯರ್ ಈಸ್ಟ್ ಸೈಡ್, ಅಪ್ಪಂದು ಗುಜರಿ ಅಂಗಡಿ, ಐದು ಜನ ಹೆಣ್ಮಕ್ಳು. ಮಕ್ಕಳಿಗೆ ಧೂಳು ಒರೆಸೋಕೆ ಬೇಜಾರು ಅಂತ ಅಮ್ಮ ರೂಮಲ್ಲಿ ಅಂಗಿ ಗುಂಡಿ ಬಚ್ಚಿಡ್ತಾಳೆ, ಒರೆಸ್ತಾ ಹುಡುಕಬೇಕು (ನಮ್ಮನೇಲೂ ಟ್ರೈ ಮಾಡಿದೆ, ಸೋಫಾ ಕೆಳಗೆ ನೋಡಿ ಸುಮ್ಮನಾದ್ರು). ಸಬ್ಬತ್ (ವಾರದ ವಿಶ್ರಾಂತಿ ದಿನ), ಪೂರಿಮ್, ಪಾಸೋವರ್ ಹಬ್ಬ ಎಲ್ಲಾ ಮನೆಕೆಲಸದ ಜೊತೆಗೇ ಬರತ್ತೆ, ಪಾಠ ಅನ್ಸಲ್ಲ. ಜಗಳ-ತಿರುವು ಏನೂ ಇಲ್ಲ, ಅಷ್ಟೇ.

ಹತ್ತು ವರ್ಷದ ಮಗಳು ಮಾತ್ರ ಲೋಯಿಸ್ ಲೌರಿಯ 'ನಂಬರ್ ದ ಸ್ಟಾರ್ಸ್' ಹಿಡಿದವಳು ಊಟಕ್ಕೆ ಕರೆದ್ರೂ ಬರ್ಲಿಲ್ಲ. 1943ರ ಕೋಪನ್‌ಹೇಗನ್, ನಾಜಿ ಸೈನಿಕರು ರಾತ್ರಿ ಮನೆಗೆ ನುಗ್ತಾರೆ, ಆನ್‌ಮರೀ ಅನ್ನೋ ಹುಡುಗಿ ತನ್ನ ಯಹೂದಿ ಗೆಳತಿ ಎಲೆನ್ ಕೊರಳಿನ ಸರ ಕಿತ್ತು ಮುಷ್ಟಿಯಲ್ಲಿ ಮುಚ್ಕೋತಾಳೆ, ಅವರು ಹೋದ್ಮೇಲೆ ನೋಡಿದ್ರೆ ಸರದಲ್ಲಿದ್ದ ದಾವೀದನ ನಕ್ಷತ್ರ (ಯಹೂದಿಗಳ ಗುರುತು) ಅಂಗೈಯಲ್ಲೇ ಒತ್ತಿಬಿಟ್ಟಿರತ್ತೆ. ಡೆನ್ಮಾರ್ಕಿನ 7,000ಕ್ಕೂ ಹೆಚ್ಚು ಯಹೂದಿಗಳು ದೋಣಿ ಹತ್ತಿ ಸ್ವೀಡನ್ ಸೇರಿದ್ದು ನಿಜವಾದ ಇತಿಹಾಸ. ನನ್ನ ತಕರಾರು ಒಂದೇ, ಕಥೆ ನಡೆಯೋದು ಆನ್‌ಮರೀ ಕಣ್ಣಲ್ಲಿ, ಅವಳು ಯಹೂದಿ ಅಲ್ಲ, ಎಲೆನ್ ಮನೇಲಿ ದಿನಾ ಹೆಂಗಿರ್ತಿದ್ರು ಅನ್ನೋದು ಬರೋದು ಕಮ್ಮಿ.

ಒಂದೇ ತರೋದಾದ್ರೆ ಐದು ಅಕ್ಕತಂಗಿಯರದ್ದೇ ತಗೊಳ್ಳಿ. ಲೌರಿ ಪುಸ್ತಕ ಅದಾದ್ಮೇಲೆ ಕೊಡಿ, ಯಹೂದಿ ಅಂದ್ರೆ ಹಿಟ್ಲರ್ ಅಂತಲೇ ಮಕ್ಕಳು ಶುರು ಮಾಡೋದು ಬೇಡ.