ವಾಯ್ಸ್ ನೋಟ್, ವಿಡಿಯೋ, ಐದು ಪ್ರಶ್ನೆ: ಬಿಕಾಂ ಕ್ಲಾಸಲ್ಲಿ ಎರಡು ವರ್ಷ ಮಾಡಿ ನೋಡಿದ್ದು

ನಾನು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ಒಂದು ಡಿಗ್ರಿ ಕಾಲೇಜಲ್ಲಿ ಅತಿಥಿ ಉಪನ್ಯಾಸಕ, ಬಿಕಾಂ ಮಕ್ಕಳಿಗೆ ಕಾಸ್ಟ್ ಅಕೌಂಟಿಂಗ್ (ಒಂದು ವಸ್ತು ತಯಾರಿಸೋಕೆ ತಗಲೋ ಖರ್ಚಿನ ಲೆಕ್ಕ) ತಗೋತೀನಿ. ಮೊಬೈಲಲ್ಲಿ ಕಲಿಕೆ ಅಂದ ಕೂಡ್ಲೇ ಸ್ಟಾಫ್ ರೂಮಲ್ಲಿ ಒಬ್ರು ಇನ್ಮೇಲೆ ಎಲ್ಲಾ ಅದ್ರಲ್ಲೇ ಅಂತಾರೆ, ಇನ್ನೊಬ್ರು ಮಕ್ಕಳು ಹಾಳಾಗೋದೇ ಅದ್ರಿಂದ ಅಂತಾರೆ, ಇಬ್ರೂ ಒಂದು ಯೂನಿಟ್ ಕೂಡ ಅದ್ರಲ್ಲಿ ಮಾಡಿ ನೋಡಿದವರಲ್ಲ. ನಾನು ಮಾಡಿ ನೋಡ್ದೆ. ಮೊದಲ ವರ್ಷ ಮೆಟೀರಿಯಲ್ ಯೂನಿಟ್‌ಗೆ ವಿಡಿಯೋ, ಲೇಬರ್‌ಗೆ ವಾಟ್ಸಾಪ್ ವಾಯ್ಸ್ ನೋಟ್, ಓವರ್‌ಹೆಡ್ಸ್‌ಗೆ (ಬಾಡಿಗೆ, ಕರೆಂಟ್ ಥರದ ಪರೋಕ್ಷ ಖರ್ಚು) ದಿನಾ ಬೆಳಿಗ್ಗೆ ಗೂಗಲ್ ಫಾರ್ಮ್‌ನಲ್ಲಿ ಐದು ಪ್ರಶ್ನೆ. ಕ್ಲಾಸ್ ಪಾಠ ಮೂರಕ್ಕೂ ಇತ್ತು, ಇದು ಅದರ ಜೊತೆಗೆ. ಯೂನಿಟ್ ಮುಗಿದು ಮೂರು ವಾರ ಆದ್ಮೇಲೆ ಹೇಳದೇ ಕೇಳದೇ ಒಂದು ಸ್ಲಿಪ್ ಟೆಸ್ಟ್. ಯಾವ್ದು ಇಷ್ಟ ಆಯ್ತು ಅಂತ ಕೇಳಿದ್ರೆ ಎಲ್ರೂ ವಿಡಿಯೋ ಅಂತಾರೆ, ಅದನ್ನ ನಂಬ್ಕೊಂಡು ಕೂತ್ರೆ ಆಗಲ್ಲ ಅಂತ ಟೆಸ್ಟ್ ಇಟ್ಟಿದ್ದು.

ವಿಡಿಯೋಗೆ ನಾನು ಪಟ್ಟ ಕಷ್ಟ ಯಾವ್ದಕ್ಕೂ ಪಟ್ಟಿಲ್ಲ. ಸ್ಟೂಲ್ ಮೇಲೆ ಡಬ್ಬ ಇಟ್ಟು, ಡಬ್ಬದ ಮೇಲೆ ಫೋನ್ ಇಟ್ಟು, ಸ್ಟೋರ್ಸ್ ಲೆಡ್ಜರ್‌ದು (ದಾಸ್ತಾನಿನ ಲೆಕ್ಕದ ಪುಸ್ತಕ) 38 ನಿಮಿಷದ್ದು ಒಂದು ತೆಗ್ದೆ. ಯೂಟ್ಯೂಬ್‌ನಲ್ಲಿ ಎಲ್ಲೀ ತನಕ ನೋಡಿದ್ರು ಅಂತ ಗ್ರಾಫ್ ಬರ್ತದಲ್ಲ, ಅದು ನಮ್ಮ ಹುಲಿಕಲ್ ಘಾಟಿ ಇಳಿದಂಗೆ ಇಳಿದಿತ್ತು. ಆಮೇಲೆ ಗೊತ್ತಾಯ್ತು, ಆನ್‌ಲೈನ್ ಪಾಠದ ತಾಣ ಎಡ್‌ಎಕ್ಸ್ ಕೋರ್ಸ್‌ಗಳಲ್ಲಿ ಸುಮಾರು 69 ಲಕ್ಷ ಸಲ ವಿಡಿಯೋ ನೋಡಿದ ದಾಖಲೆ ಹಿಡ್ಕೊಂಡು 2014ರಲ್ಲೇ ಒಂದು ಅಧ್ಯಯನ ಬಂದಿದೆ, ವಿಡಿಯೋ ಎಷ್ಟೇ ಉದ್ದ ಇರ್ಲಿ ಸಾಮಾನ್ಯವಾಗಿ ಜನ ನೋಡೋದು ಹೆಚ್ಚಂದ್ರೆ ಆರು ನಿಮಿಷ ಅಂತ. ಆರಾರು ನಿಮಿಷಕ್ಕೆ ತುಂಡು ಮಾಡ್ದೆ, ಸ್ವಲ್ಪ ಸುಧಾರಿಸ್ತು.

ಆದ್ರೆ ಅದು ಆಗಸ್ಟ್, ಮಲೆನಾಡಿನ ಜಡಿಮಳೆ ಕಾಲ. ಮಾಸ್ತಿಕಟ್ಟೆ, ಯಡೂರು ಕಡೆಯಿಂದ ಬರೋ ಮಕ್ಕಳ ಮನೇಲಿ ಎರಡು ದಿನ ಕರೆಂಟ್ ಇರಲ್ಲ, ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರ್ ಬ್ಯಾಟರೀನೂ ಸತ್ತು ಸಿಗ್ನಲ್ ಹೋಗ್ತದೆ. ಒಬ್ಬ ಹುಡುಗ ತೋಟದ ಹಿಂದಿನ ಗುಡ್ಡ ಹತ್ತಿ, ಕಂಬಳಿ ಕೊಪ್ಪೆ ಒಳಗೆ ಫೋನ್ ಹಿಡ್ಕೊಂಡು 144ಪಿಯಲ್ಲಿ ನೋಡಿದ್ನಂತೆ. "ಸರ್, ನಿಮ್ಮ ದನಿ ಕೇಳ್ತು, ಬೋರ್ಡಲ್ಲಿ ಎಂತ ಬರ್ದಿದೀರಿ ಅಂತ ಗೊತ್ತಾಗ್ಲಿಲ್ಲ" ಅಂದ. ಜೊತೆಗೆ ಕಾಲಿಗೆ ನಾಲ್ಕು ಇಂಬಳ (ಜಿಗಣೆ). ಇದನ್ನ ಮೊಬೈಲ್ ಕಲಿಕೆಯ ಪರಿಣಾಮ ಅಂತ ಯಾವ ಕಾಲಮ್ಮಲ್ಲಿ ಬರೀಬೇಕೋ.

ವಾಯ್ಸ್ ನೋಟ್ ಶುರು ಮಾಡಿದ್ದು ಬರೀ ಸೋಮಾರಿತನಕ್ಕೆ. ನಾಲ್ಕು ನಿಮಿಷದ್ದು, ಒಂದು ಎಂಬಿನೂ ಆಗಲ್ಲ, ಟವರ್ ಐದು ನಿಮಿಷ ಬಂದು ಹೋದ್ರೂ ಇಳ್ಕೊಂಡಿರ್ತದೆ. ಗ್ರೂಪಲ್ಲಿ ಮೆಸೇಜ್ ಇನ್ಫೋ ಒತ್ತಿದ್ರೆ ಯಾರ್ಯಾರು ಕೇಳಿದ್ರು ಅಂತನೂ ಗೊತ್ತಾಗ್ತದೆ, ಕ್ಲಾಸಲ್ಲಿ ಹಾಜರಿ ಕರೆಯೋದಕ್ಕಿಂತ ಅದೇ ನೆಟ್ಟಗೆ. ನವೆಂಬರ್ ಹೊತ್ತಿಗೆ ಅಡಿಕೆ ಕೊನೆ (ಗೊನೆ) ಕೊಯ್ಲು ಶುರು, ನಮ್ಮ ಮಕ್ಕಳು ಅರ್ಧಕ್ಕರ್ಧ ರಾತ್ರಿ ಮನೇಲೋ ಪಕ್ಕದ ಮನೇಲೋ ಅಡಿಕೆ ಸುಲಿಯೋಕೆ ಕೂರ್ತಾರೆ. ಮೆಟ್ಟುಗತ್ತಿ ಮುಂದೆ ಕೈಯೂ ಕಣ್ಣೂ ಖಾಲಿ ಇರಲ್ಲ, ಕಿವಿ ಖಾಲಿ. ಅಲ್ಲಿ ನನ್ನ ವಾಯ್ಸ್ ನೋಟ್ ಓಡ್ತಿತ್ತು ಮಾರಾಯ್ರೆ, ಇದು ನನ್ನ ಪ್ಲಾನ್‌ನಲ್ಲಿ ಇರ್ಲೇ ಇಲ್ಲ! ಒಬ್ಳು ಹುಡುಗಿ ಹೇಳಿದ್ಳು, ಟೈಮ್ ವೇಜ್ (ಗಂಟೆ ಲೆಕ್ಕದ ಕೂಲಿ), ಪೀಸ್ ರೇಟ್ (ಮಾಡಿದಷ್ಟಕ್ಕೆ ಕೂಲಿ) ಅಂತ ನಾನು ಹೇಳ್ತಾ ಇದ್ರೆ ಪಕ್ಕದಲ್ಲಿ ಸುಲೀತಿದ್ದ ಅವಳ ಚಿಕ್ಕಮ್ಮ "ಅದನ್ನ ಕಾಲೇಜಿಗೆ ಹೋಗಿ ಕಲೀಬೇಕನಾ" ಅಂತ ನಕ್ಕರಂತೆ. ಥಿಯರಿ ಪ್ರಶ್ನೆಗೆ ಆ ಸಲ ಬಂದಷ್ಟು ಸ್ವಂತ ಮಾತಿನ ಉತ್ತರ ನಾನು ಮುಂಚೆ ನೋಡಿರ್ಲಿಲ್ಲ.

ಲೆಕ್ಕಕ್ಕೆ ಬಂದಾಗ ಮಾತ್ರ ಮಣ್ಣು ಮುಕ್ತು. ಬೇಗ ಕೆಲಸ ಮುಗಿಸಿದವರಿಗೆ ಬೋನಸ್ ಲೆಕ್ಕ ಹಾಕೋ ರೋವನ್ ಪ್ಲಾನ್ ಸೂತ್ರ ಬಾಯಲ್ಲಿ ಹೇಳಿದ್ದೆ, ಉಳಿಸಿದ ಟೈಮನ್ನ ಕೊಟ್ಟ ಟೈಮಿಂದ ಭಾಗಿಸಿ, ತಗೊಂಡ ಟೈಮ್ ಮತ್ತೆ ಗಂಟೆ ರೇಟಿಂದ ಗುಣಿಸಿ ಅಂತ. 10 ಗಂಟೆ ಕೆಲಸ, 8ರಲ್ಲಿ ಮುಗಿಸ್ದ, ಗಂಟೆಗೆ 50 ರೂಪಾಯಿ ಅಂತಿಟ್ಕೊಳ್ಳಿ. ಇಂಥದ್ದೇ ಇನ್ನೊಂದು, ಹಾಲ್ಸೇ ಪ್ಲಾನ್‌ನಲ್ಲಿ ಉಳಿಸಿದ ಎರಡು ಗಂಟೆಯ ಕೂಲಿಯಲ್ಲಿ ಅರ್ಧ, ಅಂದ್ರೆ 50 ಬೋನಸ್. ರೋವನ್‌ನಲ್ಲಿ 80. ಸ್ಲಿಪ್ ಟೆಸ್ಟಲ್ಲಿ ಏಳೆಂಟು ಜನ ಭಿನ್ನರಾಶಿ ತಲೆಕೆಳಗೆ ಹಾಕಿ 2000 ಅಂತ ಬರ್ದಿದ್ರು. 400 ರೂಪಾಯಿ ಕೂಲಿಗೆ 2000 ಬೋನಸ್ ಕೊಡೋ ಸಾಹುಕಾರ ಇದ್ರೆ ನಾನೇ ಪಾಠ ಬಿಟ್ಟು ಹೋಗ್ತೀನಿ. ತಪ್ಪು ಅವರದ್ದಲ್ಲ, ಕಣ್ಣಲ್ಲಿ ನೋಡದೇ ಇರೋ ಸೂತ್ರ ಕಿವಿಯಲ್ಲಿ ನಿಲ್ಲಲ್ಲ. ಲೆಕ್ಕ ಬಿಡಿಸೋದಕ್ಕೆ ವಿಡಿಯೋನೇ ಬೇಕು, ನಿಲ್ಲಿಸಿ ನಿಲ್ಲಿಸಿ ಜೊತೆಗೆ ಬರೀಬೋದು.

ಫಾರ್ಮ್ ಬಗ್ಗೆ ನನಗೇ ನಂಬಿಕೆ ಇರ್ಲಿಲ್ಲ. ಬೆಳಿಗ್ಗೆ ಐದು ಪ್ರಶ್ನೆ, ಬಸ್ಸಲ್ಲಿ ಬರ್ತಾ ಒತ್ತಿ ಮುಗ್ಸೋದು. ಮೊದಲ ವಾರ ಎಲ್ರಿಗೂ ಐದಕ್ಕೈದು. ನೋಡಿದ್ರೆ ನನ್ನನ್ನ ಸೇರಿಸದೇ ಇರೋ ಇನ್ನೊಂದು ಗ್ರೂಪಲ್ಲಿ "1ಬಿ 2ಡಿ 3ಎ" ಅಂತ ಉತ್ತರ ಓಡಾಡ್ತಿತ್ತು. ಫಾರ್ಮಲ್ಲಿ ಪ್ರಶ್ನೆ, ಆಪ್ಶನ್ ಎರಡೂ ಕಲಸೋ ಹಾಗೆ ಮಾಡ್ದೆ, ಮಾರನೇ ದಿನ ಅರ್ಧ ಕ್ಲಾಸಿಗೆ ಸೊನ್ನೆ. ಆಮೇಲೆ ಇದಕ್ಕೆ ಇಂಟರ್ನಲ್ ಮಾರ್ಕ್ಸ್ ಇಲ್ಲ ಅಂದ್ಬಿಟ್ಟೆ, ಕಾಪಿ ಹೊಡೆಯೋದೂ ನಿಂತ್ತು. ಮೂರು ವಾರ ಬಿಟ್ಟು ಸ್ಲಿಪ್ ಟೆಸ್ಟಲ್ಲಿ ಜಾಸ್ತಿ ನೆನಪುಳಿದಿದ್ದು ಇದೇ ಯೂನಿಟ್. ಇದಕ್ಕೆ ಕಾರಣ ಹಳೇದೇ, ರೋಡಿಗರ್ ಮತ್ತೆ ಕಾರ್ಪಿಕೆ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲೇ ತೋರಿಸಿದ್ರು: ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಟೆಸ್ಟಲ್ಲಿ ಮುಂದಿದ್ರು, ಒಂದು ವಾರ ಬಿಟ್ಟು ಕೇಳಿದ್ರೆ ನೆನಪು ಮಾಡ್ಕೊಂಡು ಬರ್ದು ನೋಡಿದವರು ಮುಂದೆ.

ನೀವು ಕೇಳ್ಬೋದು, ವಿಡಿಯೋ ಮಳೇಲಿ, ವಾಯ್ಸ್ ನೋಟ್ ಚಳೀಲಿ, ಇದೆಂಥ ಹೋಲಿಕೆ ಅಂತ. ಸರಿನೇ. ಅದಕ್ಕೇ ಎರಡನೇ ವರ್ಷ ಉಲ್ಟಾ ಮಾಡ್ದೆ, ಆಗಸ್ಟಲ್ಲಿ ವಾಯ್ಸ್ ನೋಟ್, ಕೊಯ್ಲಲ್ಲಿ ವಿಡಿಯೋ. ನೆಟ್‌ವರ್ಕ್ ಇದ್ದಿದ್ದಕ್ಕೆ ವಿಡಿಯೋ ನೋಡಿದವರು ಜಾಸ್ತಿನೇ ಆದ್ರು, ಆದ್ರೆ ಅಡಿಕೆ ಸುಲಿಯೋರು ಅದನ್ನೂ ವಾಯ್ಸ್ ನೋಟ್ ಥರ ಬರೀ ಕೇಳಿದ್ದು. ಮಳೇಲಿ ವಾಯ್ಸ್ ನೋಟ್ ಏನೂ ಕುಂಟ್ಲಿಲ್ಲ.

ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ಸ್ವಯಂ ಬಗ್ಗೆ ಎರಡು ಮಾತು. 2017ರಿಂದ ಇದೆ, ಕಲಿಯೋಕೆ ದುಡ್ಡಿಲ್ಲ. ಅದ್ರಲ್ಲಿ ಎನ್‌ಪಿಟಿಇಎಲ್‌ನವರ (ಐಐಟಿಗಳು, ಐಐಎಸ್‌ಸಿ ಸೇರಿ ನಡೆಸೋದು) ಎಂಟು ವಾರದ ಕೋರ್ಸ್ ನಾನೇ ಮಾಡ್ದೆ, ಪರೀಕ್ಷೆಗೆ 1000 ರೂಪಾಯಿ ಕಟ್ಟಿ ಸೆಂಟರ್‌ಗೆ ಹೋಗಿ ಬರ್ದೆ, ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಪಾಠ ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ, ಒಪ್ಪಿದೆ. ನನ್ನ ಜೊತೆ ಸೇರಿದ ನಾಲ್ಕು ಮಕ್ಕಳಲ್ಲಿ ಕೊನೇ ತನಕ ಬಂದವಳು ಒಬ್ಳು, ಅವಳ ಮನೇಲಿ ಅವಳಿಗೇ ಅಂತ ಒಂದು ಫೋನ್ ಇತ್ತು. ಉಳಿದ ಮೂರು ಮನೆಯ ಫೋನ್ ಬೆಳಿಗ್ಗೆ ಅಪ್ಪನ ಜೇಬಲ್ಲಿ ಅಡಿಕೆ ಮಂಡಿಗೆ ಹೋಗ್ತಿತ್ತು, ಅಸೈನ್‌ಮೆಂಟ್ ಗಡುವು ಬುಧವಾರ ರಾತ್ರಿ, ಅಪ್ಪ ವಾಪಸ್ ಬರೋದು ಕೊನೇ ಬಸ್ಸಿಗೆ.

ಈ ವರ್ಷ ಥಿಯರಿಗೆ ವಾಯ್ಸ್ ನೋಟ್, ಲೆಕ್ಕಕ್ಕೆ ಆರು ನಿಮಿಷದ ವಿಡಿಯೋ, ಮಳೆಗಾಲದ ವಿಡಿಯೋ ಎಲ್ಲಾ ಜೂನ್ ಒಳಗೇ ಕಾಲೇಜ್ ವೈಫೈಯಲ್ಲಿ ಇಳಿಸಿ ಇಟ್ಕೊಳ್ಳಿ ಅಂದಿದೀನಿ. ಫಾರ್ಮ್ ದಿನಾ. ಫೋನ್ ಇಲ್ಲದವರಿಗೆ ಅದೇ ಐದು ಪ್ರಶ್ನೆ ಕ್ಲಾಸಿನ ಬಾಗಿಲಿಗೆ ಅಂಟಿಸ್ತೀನಿ, ಫೋನ್ ಇರೋರೂ ಈಗ ಅಲ್ಲೇ ನಿಂತು ಓದ್ತಾರೆ.