ಕಾರ್ಖಾನೆಯಲ್ಲಿ ಮನಸ್ಸಿನ ಆರೈಕೆ: ಆ್ಯಪ್, ಸಹಾಯವಾಣಿ, ಆಪ್ತಸಮಾಲೋಚಕಿ

ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಯೊಂದರ ಕಲ್ಯಾಣಾಧಿಕಾರಿಯಾಗಿ ನಾನು ಮೂರು ಬಗೆಯ ನೆರವನ್ನು ಕಾರ್ಮಿಕರ ಮುಂದಿಟ್ಟು ನೋಡಿದ್ದೇನೆ: ಮೊಬೈಲ್ ಆ್ಯಪ್, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಮತ್ತು ವಾರಕ್ಕೊಮ್ಮೆ ಕಾರ್ಖಾನೆಗೇ ಬರುವ ಆಪ್ತಸಮಾಲೋಚಕಿ.

ಆ್ಯಪ್‌ನಲ್ಲಿ ಧ್ಯಾನದ ಪಾಠ, ನಿದ್ದೆಯ ಲೆಕ್ಕ ಎಲ್ಲವೂ ಇದ್ದವು; ಕಚೇರಿಯ ಸಿಬ್ಬಂದಿಯಲ್ಲಿ ಕೆಲವರು ಅದನ್ನು ಈಗಲೂ ಬಳಸುತ್ತಾರೆ. ಆದರೆ ಫೋನನ್ನು ಲಾಕರಿನಲ್ಲಿಟ್ಟು ಹೊಲಿಗೆಯ ಲೈನಿಗೆ ಬರುವ, ಮನೆಗೆ ಹೋದ ಮೇಲೆ ಅದೇ ಫೋನನ್ನು ಮಕ್ಕಳ ಕೈಗೆ ಕೊಡುವ ಟೈಲರ್‌ಗಳಿಗೆ ಅದು ಒದಗಲಿಲ್ಲ.

ಸಹಾಯವಾಣಿ ಇದಕ್ಕಿಂತ ಎಷ್ಟೋ ಮೇಲು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ನಿಮ್ಹಾನ್ಸ್ ಮಾರ್ಗದರ್ಶನವಿರುವ ಈ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು. ಒಡಿಶಾದಿಂದ ಬಂದು ಹಾಸ್ಟೆಲಿನಲ್ಲಿರುವ ಹೆಣ್ಣುಮಕ್ಕಳಿಗೆ ಹಿಂದಿ, ಒಡಿಯಾದಲ್ಲೂ ಮಾತನಾಡುವ ಅವಕಾಶವಿದೆ. ಯಾರು ಕರೆ ಮಾಡಿದರೆಂಬುದು ಆಡಳಿತಕ್ಕೆ ತಿಳಿಯುವುದಿಲ್ಲ. ಆದರೆ ಟಾರ್ಗೆಟ್ಟಿನ ಒತ್ತಡವನ್ನೂ ಸೂಪರ್‌ವೈಸರ್‌ನ ಬೈಗುಳವನ್ನೂ ಅಷ್ಟು ದೂರದಲ್ಲಿರುವವರಿಗೆ ಮೊದಲಿನಿಂದ ವಿವರಿಸಬೇಕಾಗುತ್ತದೆ, ವಿವರಿಸಿದರೂ ಅದನ್ನು ತಪ್ಪಿಸುವುದು ಅವರ ಕೈಯಲ್ಲಿಲ್ಲ.

ಖರ್ಚು ಹೆಚ್ಚಾದರೂ ನನ್ನ ಒಲವು ಆಪ್ತಸಮಾಲೋಚಕಿಯ ಕಡೆಗೇ. ಆಡಳಿತವು ಮೊದಲು ಅವರಿಗೆ ಎಚ್‌ಆರ್ ವಿಭಾಗದ ಪಕ್ಕದ ಕೋಣೆ ಕೊಟ್ಟಿತ್ತು. ಅಲ್ಲಿಗೆ ಹೋಗಲು ಸೂಪರ್‌ವೈಸರ್ ಸಹಿ ಹಾಕಿದ ಚೀಟಿ ಬೇಕಿತ್ತು, ಆ ಚೀಟಿಯಲ್ಲಿ ‘ಕಾರಣ’ ಎಂಬ ಕಾಲಂ ಬೇರೆ ಇತ್ತು. ಗಂಡನ ಕುಡಿತದ ಸಂಕಟವನ್ನಾಗಲಿ, ಸೂಪರ್‌ವೈಸರ್ ಮೇಲಿನ ದೂರನ್ನಾಗಲಿ ಆ ಕಾಲಂನಲ್ಲಿ ಯಾವ ಹೆಣ್ಣುಮಗಳು ಬರೆದಾಳು? ಶಿಶುವಿಹಾರದ ಹಿಂದಿನ ಕೋಣೆಗೆ ಜಾಗ ಬದಲಾಯಿಸಿ, ಚೀಟಿಯನ್ನು ರದ್ದುಪಡಿಸಿ, ಎದ್ದು ಹೋದವರ ಮೆಷಿನ್ನಿಗೆ ಬದಲಿ ಟೈಲರ್ ಕೂರಿಸುವ ಏರ್ಪಾಡಾದ ಮೇಲೆಯೇ ಜನ ಬರತೊಡಗಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮಾನಸಿಕ ಅಸ್ವಸ್ಥತೆ ಇರುವವರಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ನಮ್ಮಲ್ಲಿ ಸಮಾಲೋಚನೆಗೆ ಬರುವ ಪ್ರತಿಯೊಬ್ಬರಿಗೂ ಅದೇ ರಕ್ಷಣೆ ಇರಬೇಕೆಂದು ಒಪ್ಪಂದದಲ್ಲೇ ಬರೆಸಿದೆವು. ಹೀಗಾಗಿ ಆಪ್ತಸಮಾಲೋಚಕಿಯ ವರದಿಯಲ್ಲಿ ಹೆಸರುಗಳಿರುವುದಿಲ್ಲ, ತೊಂದರೆಗಳಷ್ಟೇ ಇರುತ್ತವೆ. ಸೂಪರ್‌ವೈಸರ್ ಬೈಯುತ್ತಾರೆಂದು ಟೈಲರ್‌ಗಳು ಮಧ್ಯಾಹ್ನದ ನಂತರ ಶೌಚಾಲಯಕ್ಕೆ ಹೋಗಲೂ ಅಂಜುತ್ತಾರೆ ಎಂಬ ಸಂಗತಿ ಆಡಳಿತದ ಕಿವಿಗೆ ಬಿದ್ದದ್ದು ಅಂಥ ವರದಿಯಿಂದ. ಸೂಪರ್‌ವೈಸರ್‌ಗಳಿಗೆ ತರಬೇತಿ ಶುರುವಾದದ್ದೂ ಆಮೇಲೆಯೇ. ಇಂಥ ಬದಲಾವಣೆಯನ್ನು ಬೇರೆ ಎರಡೂ ತರಲಾರವು.

ಆಪ್ತಸಮಾಲೋಚಕಿ ಬರದ ದಿನಗಳಿಗೆ ಮತ್ತು ರಾತ್ರಿಗಳಿಗೆ 14416 ಬೇಕೇ ಬೇಕು. ಆ ಸಂಖ್ಯೆಯನ್ನು ನೋಟಿಸ್ ಬೋರ್ಡಿನಲ್ಲಷ್ಟೇ ಅಲ್ಲ, ಬರೆದುಕೊಳ್ಳುವುದು ಯಾರ ಕಣ್ಣಿಗೂ ಬೀಳದ ಹಾಗೆ ಶೌಚಾಲಯದ ಬಾಗಿಲುಗಳ ಒಳಬದಿಯಲ್ಲೂ ಅಂಟಿಸಿದ್ದೇವೆ. ಹಣದ ಅಡಚಣೆಯಿರುವ ಕಾರ್ಖಾನೆಗಳು ಇಲ್ಲಿಂದಲೇ ಆರಂಭಿಸಬಹುದು. ಆ್ಯಪ್‌ನ ಚಂದಾಕ್ಕೆ ಹೋಗುವ ಹಣವನ್ನು ಉಳಿಸಿ, ತಿಂಗಳಿಗೆ ಎರಡು ಸಲವಾದರೂ ಆಪ್ತಸಮಾಲೋಚಕಿಯನ್ನು ಕರೆಸುವುದು ಮೇಲು.